ಮನಸ್ಸಿಗೆ ಆಸರೆಯಾಗುವ ನಾಯಿ: ಯಾವ ತಳಿ ತರೋದು, ಹೇಗೆ ಆರಿಸೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ವರ್ಷದಿಂದ ಮೈಸೂರಿನಲ್ಲಿ ನಾಯಿಗಳ ಜೊತೆ ಬದುಕುತ್ತಿದ್ದೇನೆ. ಮೊದಲು ಗುಂಡ ಅನ್ನುವ ಲ್ಯಾಬ್ (ಲ್ಯಾಬ್ರಡಾರ್ ತಳಿಯ ನಾಯಿ) ಇದ್ದ, ಈಗ ಕೆಂಪಿ ಅನ್ನುವ ಬೀದಿ ನಾಯಿ ಇದ್ದಾಳೆ. ಮನಸ್ಸು ಕುಗ್ಗಿದ ದಿನಗಳಲ್ಲಿ ಇವರಿಂದ ನನಗೆ ಸಿಕ್ಕ ಆಸರೆಯ ಬಗ್ಗೆ ಬರೆದಾಗಿನಿಂದ ಪತ್ರಗಳು ಬರುತ್ತಲೇ ಇವೆ, ದಾರಿಯಲ್ಲಿ ಸಿಕ್ಕವರೂ ನಿಲ್ಲಿಸಿ ಕೇಳುತ್ತಾರೆ. ಜಾಸ್ತಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲಿಗೆ

ಎಮೋಷನಲ್ ಸಪೋರ್ಟ್ ನಾಯಿ ಅಂದ್ರೆ ಏನು? ಸಾಕಿದ ನಾಯಿ ಎಲ್ಲಾ ಅದೇ ಅಲ್ವಾ?

ಒಂದು ಅರ್ಥದಲ್ಲಿ ಹೌದು. ಆದರೆ ಮೂರು ಬೇರೆ ಬೇರೆ ಕೆಲಸದ ನಾಯಿಗಳನ್ನು ಜನ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಆಗುತ್ತದೆ. ಕಣ್ಣು ಕಾಣದವರನ್ನು ರಸ್ತೆ ದಾಟಿಸುವಂಥದ್ದು ಸರ್ವಿಸ್ ಡಾಗ್. ಅದಕ್ಕೆ ತಿಂಗಳುಗಟ್ಟಲೆ ತರಬೇತಿ ಇರುತ್ತದೆ, ಒಬ್ಬರಿಗಾಗಿ ಒಂದು ನಿರ್ದಿಷ್ಟ ಕೆಲಸ ಮಾಡುತ್ತದೆ. ಆಸ್ಪತ್ರೆ, ಶಾಲೆ, ವೃದ್ಧಾಶ್ರಮಕ್ಕೆ ತನ್ನ ಮಾಲೀಕರ ಜೊತೆ ಹೋಗಿ, ಹತ್ತಾರು ಜನ ಮುಟ್ಟಿದರೂ ಬೇಜಾರಿಲ್ಲದೆ ಕೂತು ಬರುವುದು ಥೆರಪಿ ಡಾಗ್. ಎಮೋಷನಲ್ ಸಪೋರ್ಟ್ ನಾಯಿಗೆ ಇಂಥ ತರಬೇತಿ ಏನೂ ಬೇಕಿಲ್ಲ. ಖಿನ್ನತೆ, ಆತಂಕದಂಥ ತೊಂದರೆ ಇರುವ ಒಬ್ಬರ ಜೊತೆ ಇರುವುದೇ ಅದರ ಕೆಲಸ. ಈ ಹೆಸರು ಅಮೆರಿಕದ ಕಾನೂನಿನಿಂದ ಬಂದಿದ್ದು, ಅದರ ವಿಷಯ ಕೆಳಗೆ ಬರುತ್ತದೆ.

ನಾಯಿ ಇದ್ರೆ ನಿಜವಾಗ್ಲೂ ಮನಸ್ಸು ಹಗುರ ಆಗುತ್ತಾ, ಇಲ್ಲ ಸುಮ್ನೆ ಹೇಳ್ತಾರಾ?

ಆಗುತ್ತದೆ. 1960ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್ಸನ್ ಅನ್ನುವ ಮಕ್ಕಳ ಮನಶ್ಶಾಸ್ತ್ರಜ್ಞ ಇದ್ದರು. ಯಾರ ಜೊತೆಗೂ ಬೆರೆಯದ ಒಬ್ಬ ಹುಡುಗ ತಮ್ಮ ನಾಯಿ ಜಿಂಗಲ್ಸ್ ಜೊತೆ ತಾನಾಗಿ ಬೆರೆತದ್ದನ್ನು ನೋಡಿ, ಅವರು ನಾಯಿಯನ್ನು ಚಿಕಿತ್ಸೆಯಲ್ಲೇ ಸೇರಿಸಿಕೊಂಡರು. ಆಮೇಲೆ ಇದನ್ನು ಅಳೆದು ನೋಡಿದವರೂ ಇದ್ದಾರೆ. 2019ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ನಾಯಿ, ಬೆಕ್ಕುಗಳ ಮೈ ಸವರಲು ಬಿಟ್ಟು ಎಂಜಲು ಪರೀಕ್ಷೆ ಮಾಡಿದರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕಡಿಮೆಯಾಗಿತ್ತು.

ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಮಾತ್ರ ಬೇರೆಯೇ. ಅಮ್ಮ ಹೋದ ಮೇಲೆ ಒಂದು ತಿಂಗಳು ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಸ್ನಾನ ಬೇಡ, ಫೋನ್ ಬೇಡ, ಊಟ ಯಾರಾದರೂ ತಂದಿಟ್ಟರೆ ಉಂಟು ಇಲ್ಲದಿದ್ದರೆ ಇಲ್ಲ. ಆದರೆ ಗುಂಡ ಮನೆ ಒಳಗೆ ಉಚ್ಚೆ ಮಾಡುವವನಲ್ಲ. ಬೆಳಿಗ್ಗೆ ಆರಕ್ಕೆ ಬಂದು ಮಂಚದ ಪಕ್ಕ ನಿಂತು, ಬೊಗಳದೆ, ಒದ್ದೆ ಮೂಗನ್ನು ನನ್ನ ಮೊಣಕೈ ಒಳಗೆ ತೂರಿಸಿ ಹಾಗೇ ಇಟ್ಟುಕೊಂಡಿರುತ್ತಿದ್ದ. ಏಳಲೇಬೇಕು. ಹಾಕಿದ್ದ ನೈಟಿ ಮೇಲೆ ಒಂದು ಶಾಲು ಹೊದ್ದು ಹಾಲಿನ ಬೂತಿನವರೆಗೆ ಹೋಗಿ ಬರುತ್ತಿದ್ದೆ. ಆ ಇಪ್ಪತ್ತು ನಿಮಿಷದಲ್ಲಿ ಬೆಳಕು ಬೀಳುತ್ತಿತ್ತು, ಬೂತಿನವರು ಗುಂಡನನ್ನು ಮಾತಾಡಿಸುತ್ತಾ ನನ್ನನ್ನೂ ಮಾತಾಡಿಸುತ್ತಿದ್ದರು. ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಮಾತಾಡಿದ್ದು ಅಲ್ಲಿ ಮಾತ್ರ ಅನ್ನುವ ದಿನಗಳೂ ಇದ್ದವು.

ಮಾತ್ರೆ ನಿಲ್ಲಿಸಿ ನಾಯಿ ಸಾಕಿದ್ರೆ ಆಗುತ್ತಾ ಅಕ್ಕಾ?

ದಯವಿಟ್ಟು ಬೇಡ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಲೇಬಾರದು. ನಾನು ಚೇತರಿಸಿಕೊಂಡಿದ್ದು ಔಷಧಿ, ಕೌನ್ಸೆಲಿಂಗ್, ಗುಂಡ ಮೂರೂ ಇದ್ದದ್ದರಿಂದ. ಯಾರ ಹತ್ತಿರ ಹೋಗಬೇಕು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ನಾಯಿಯ ವಿಷಯ ಆಮೇಲೆ, ಮೊದಲು ಈ ಫೋನ್.

## ತಳಿಗಳ ವಿಷಯ

ಒಂದೇ ಮಾತಲ್ಲಿ ಹೇಳಿ, ಯಾವ ಬ್ರೀಡ್ ಬೆಸ್ಟ್?

ಸ್ವಭಾವ ಒಳ್ಳೆಯದಿರುವ, ಎರಡು ವರ್ಷ ದಾಟಿದ, ನಿಮ್ಮ ದಿನಚರಿಗೆ ಹೊಂದುವ ನಾಯಿ. ತಳಿಯ ಹೆಸರು ಕೇಳಿದರೆ ಇದೇನು ಉತ್ತರ ಅನ್ನಿಸಬಹುದು, ಆದರೆ ಇದನ್ನು ತೂಗಿಯೇ ಹೇಳುತ್ತಿದ್ದೇನೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಜಾಸ್ತಿ ನಾಯಿಗಳ ಮಾಹಿತಿ ಅದರಲ್ಲಿತ್ತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಅಷ್ಟೇ ಅಂತ ಅವರು ಕಂಡುಕೊಂಡರು. ಉಳಿದದ್ದು ಆ ನಾಯಿಯ ಹುಟ್ಟುಗುಣ, ಬೆಳೆದ ರೀತಿ, ಮೊದಲ ತಿಂಗಳುಗಳಲ್ಲಿ ಕಂಡ ಜಗತ್ತು.

ಹಾಗಂತ ತಳಿ ಲೆಕ್ಕಕ್ಕೇ ಇಲ್ಲ ಅಂತಲ್ಲ. ಮೈಗಾತ್ರ, ಕೂದಲು, ಎಷ್ಟು ಓಡಬೇಕು, ಯಾವ ಕಾಯಿಲೆ ಬರುತ್ತದೆ ಅನ್ನುವುದೆಲ್ಲ ತಳಿಯಿಂದಲೇ ಗೊತ್ತಾಗುತ್ತದೆ. ಮುಂದಿನ ಉತ್ತರಗಳನ್ನು ಆ ದೃಷ್ಟಿಯಿಂದ ಓದಿ.

ಲ್ಯಾಬ್ ತಗೊಳ್ಳೋದಾ, ಗೋಲ್ಡನ್ ತಗೊಳ್ಳೋದಾ?

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಎರಡೂ ಬೇಟೆಗಾರರ ಜೊತೆ ಕೆಲಸ ಮಾಡಿ ಬೆಳೆದ ತಳಿಗಳು. ಗುಂಡು ತಾಗಿ ಬಿದ್ದ ಹಕ್ಕಿಯನ್ನು ಕಚ್ಚದೆ, ಮೃದುವಾಗಿ ಬಾಯಲ್ಲಿ ಹಿಡಿದು ತಂದು ಒಡೆಯನ ಕೈಗೆ ಕೊಡುವುದು ಅವುಗಳ ಕೆಲಸ. ಮನುಷ್ಯರ ಮುಖ ನೋಡುತ್ತಾ, ಏನು ಹೇಳುತ್ತಾರೆ ಅಂತ ಕಾಯುವ ಗುಣ ಅಲ್ಲಿಂದ ಬಂದಿದೆ. ಮನಸ್ಸಿಗೆ ಆಸರೆ ಬೇಕಾದವರಿಗೆ ಈ ಗುಣ ತುಂಬಾ ಹಿತ.

ಲ್ಯಾಬ್‌ಗೆ ಮೊದಲ ಎರಡು ವರ್ಷ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಚಪ್ಪಲಿ, ಸೋಫಾ, ಗೋಡೆ ಮೂಲೆ ಎಲ್ಲ ಕಡಿಯುತ್ತದೆ. ತೀರಾ ಸುಸ್ತಾಗಿರುವ ಮನಸ್ಸಿಗೆ ಅದು ಭಾರ ಆಗಬಹುದು. ಇನ್ನೊಂದು, ಅದರ ಹಸಿವು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡುಕೊಂಡ ಹಾಗೆ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಹಸಿವು ತಣಿಯದ ಹಾಗೆ ಮಾಡುವ ಒಂದು ಜೀನ್ ಬದಲಾವಣೆ ಇದೆ. ಅದು ಪಾಪದ ಮುಖ ಮಾಡಿದಾಗೆಲ್ಲ ಬಿಸ್ಕತ್ತು ಹಾಕುತ್ತಾ ಹೋದರೆ ಮೈ ಬಂದು ಕೀಲು ಹಾಳಾಗುತ್ತದೆ. ಗುಂಡನಿಗೆ ನಾನು ಮಾಡಿದ ತಪ್ಪು ಇದೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೋಲ್ಡನ್ ಸ್ವಲ್ಪ ಮೆದು. ಗದರಿದರೆ ನೊಂದುಕೊಳ್ಳುತ್ತದೆ, ಅಳುವವರ ಪಕ್ಕ ಬಂದು ಒರಗುತ್ತದೆ. ಆದರೆ ಉದ್ದ ಕೂದಲು. ಮಳೆಗಾಲದಲ್ಲಿ ಮೈ ಒಣಗುವುದೇ ಇಲ್ಲ, ಒಳಗೆ ಉಣ್ಣಿ ಹತ್ತಿದರೆ ಕಣ್ಣಿಗೆ ಬೀಳುವುದಿಲ್ಲ. ದಿನಾ ಬಾಚುವ ಕೆಲಸ ಕೆಲವರಿಗೆ ಧ್ಯಾನದ ಹಾಗೆ, ಕೆಲವರಿಗೆ ಹಿಂಸೆ. ನೀವು ಯಾವ ಕಡೆಯವರು ಅಂತ ನೋಡಿಕೊಳ್ಳಿ. ಇವಕ್ಕೆ ಕ್ಯಾನ್ಸರ್ ಬರುವುದೂ ಜಾಸ್ತಿ.

ನಮ್ಮದು ಟು ಬಿಎಚ್‌ಕೆ ಫ್ಲ್ಯಾಟ್, ಚಿಕ್ಕ ನಾಯಿ ಯಾವುದು ಒಳ್ಳೇದು?

ಶಿಟ್ಜು ಮಡಿಲಲ್ಲಿ ಕೂರುವುದಕ್ಕೇ ಬೆಳೆಸಿದ ನಾಯಿ. ಓಡಾಟ ಕಡಿಮೆ ಸಾಕು, ಬೊಗಳುವುದೂ ಕಡಿಮೆ, ಆದರೆ ಕೂದಲು ಕತ್ತರಿಸಲು, ಕಣ್ಣು ಒರೆಸಲು ತಪ್ಪದೆ ಸಮಯ ಇಡಬೇಕು. ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಸ್ವಭಾವದಲ್ಲಿ ಚಿನ್ನ. ನಮ್ಮಲ್ಲಿ ಸಿಗುವುದು ಅಪರೂಪ, ಅದರ ಹೃದಯದ ಕವಾಟದ ಕಾಯಿಲೆ ಮಾತ್ರ ತೀರಾ ಸಾಮಾನ್ಯ. ಪಗ್ ಅಂದರೆ ನನಗೂ ಪ್ರೀತಿ, ಆದರೂ ಹೊಸದಾಗಿ ತನ್ನಿ ಅನ್ನಲು ನನ್ನ ಬಾಯಿ ಬರುವುದಿಲ್ಲ. ಆ ಚಪ್ಪಟೆ ಮೂತಿಯಲ್ಲಿ ಅದು ಉಸಿರಿಗೇ ಒದ್ದಾಡುತ್ತದೆ, ಏಪ್ರಿಲ್ ಬಿಸಿಲಲ್ಲಿ ಅದರ ಗೊರಗೊರ ಕೇಳುತ್ತಾ ಕೂರುವುದು ಆತಂಕ ಇರುವವರಿಗೆ ಇನ್ನೊಂದು ಆತಂಕ. ಡ್ಯಾಶ್‌ಹೌಂಡ್ ತಂದರೆ ಸೋಫಾ ಹತ್ತಿ ಹಾರದ ಹಾಗೆ ನೋಡಿಕೊಳ್ಳಿ, ಅದಕ್ಕೆ ಬೆನ್ನುಮೂಳೆಯೇ ದೊಡ್ಡ ತೊಂದರೆ.

ಇನ್ನು ನಮ್ಮ ‘ಪೊಮೇರಿಯನ್’. ಹಳೇ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಗೇಟಿನ ಹಿಂದೆ ಬೊಗಳುತ್ತಿದ್ದ ಆ ಬಿಳಿ ನಾಯಿ ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದು ನಮ್ಮ ಹವೆಗೆ ಪೂರ್ತಿ ಹೊಂದಿಕೊಂಡ ತಳಿ. ಗಟ್ಟಿ ಜೀವ, ಚುರುಕು, ಮನೆಯವರ ಮೇಲೆ ಪ್ರಾಣ. ಕಾಲಿಂಗ್ ಬೆಲ್ ಆದಾಗೆಲ್ಲ ಬೊಗಳಿದರೆ ಸಹಿಸುತ್ತೀರಾದರೆ ಇದಕ್ಕಿಂತ ಒಳ್ಳೆ ಚಿಕ್ಕ ನಾಯಿ ನಮ್ಮ ಕಡೆ ಇಲ್ಲ.

ಬೀದಿ ನಾಯಿ ಮರಿ ತರೋಣ ಅಂತಿದ್ದೀನಿ. ಮನೆಯಲ್ಲಿ ಜಾತಿ ನಾಯಿನೇ ಬೇಕು, ಕಂತ್ರಿ ನಾಯಿ ಬೇಡ ಅಂತಾರೆ. ಏನು ಹೇಳಲಿ?

ಕೆಂಪಿಯನ್ನು ತೋರಿಸಿ ಅನ್ನಬಹುದಿತ್ತು! ಸಾವಿರಾರು ವರ್ಷ ನಮ್ಮ ಊರುಕೇರಿಗಳಲ್ಲಿ ಮನುಷ್ಯರ ಪಕ್ಕದಲ್ಲೇ ಬದುಕಿದ ನಾಯಿ ಇದು. ಯಾವ ಮುಖದಲ್ಲಿ ಸಿಟ್ಟಿದೆ, ಯಾವ ಕೈಯಲ್ಲಿ ಕಲ್ಲಿದೆ, ಯಾವ ಕೈಯಲ್ಲಿ ರೊಟ್ಟಿ ಇದೆ ಅಂತ ದೂರದಿಂದಲೇ ಓದಬಲ್ಲದ್ದು ಮಾತ್ರ ಬೀದಿಯಲ್ಲಿ ಉಳಿದುಕೊಂಡಿತು. ಅಂಥ ನಾಯಿ ಮನೆಯೊಳಗೆ ಬಂದರೆ ನಿಮ್ಮ ಉಸಿರು ಬದಲಾಗಿದ್ದು ಕೂಡ ಅದಕ್ಕೆ ಗೊತ್ತಾಗುತ್ತದೆ. ನನಗೆ ಎದೆ ಬಿಗಿಯುವುದು ಶುರುವಾಗುವ ಮೊದಲೇ ಕೆಂಪಿ ಬಾಗಿಲ ಹತ್ತಿರದ ತನ್ನ ಗೋಣಿಚೀಲ ಬಿಟ್ಟು ಎದ್ದು ಬರುತ್ತಾಳೆ. ಮೈಮೇಲೆ ಬೀಳುವುದಿಲ್ಲ, ನೆಕ್ಕುವುದಿಲ್ಲ. ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಾಳೆ. ಅಷ್ಟೇ ಭಾರ, ಅಷ್ಟೇ ಬಿಸಿ.

ಮನೆಯವರಿಗೆ ಖರ್ಚಿನ ಮಾತೂ ಹೇಳಿ. ಕೂದಲು ಚಿಕ್ಕದು, ಸೆಕೆ ತಡೆಯುತ್ತದೆ, ವಂಶದಲ್ಲಿ ಬರುವ ಕಾಯಿಲೆಗಳು ಕಡಿಮೆ. ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಕೆಲವು ಬೀದಿ ನಾಯಿಗಳಿಗೆ ಹೊಸಬರನ್ನು ಕಂಡರೆ ಭಯ, ಪಟಾಕಿ ಅಂದರೆ ನಡುಕ. ಹೊಡೆತ ತಿಂದು ಬೆಳೆದ ನಾಯಿ ಹತ್ತಿರ ಬರಲು ತಿಂಗಳುಗಳು ಹಿಡಿಯಬಹುದು. ಆದ್ದರಿಂದ ಬೀದಿಯಿಂದ ನೇರ ಎತ್ತಿ ತರುವುದಕ್ಕಿಂತ, ಯಾರಾದರೂ ಒಂದೆರಡು ತಿಂಗಳು ಮನೆಯಲ್ಲಿಟ್ಟು ಸಾಕಿ ಅದರ ಗುಣ ತಿಳಿದುಕೊಂಡಿರುವ ನಾಯಿಯನ್ನು ದತ್ತು ತಗೊಳ್ಳಿ. ಹುಚ್ಚುನಾಯಿ ರೋಗದ ಲಸಿಕೆ, ಜಂತುಹುಳದ ಔಷಧಿ, ಮಕ್ಕಳಾಗದ ಆಪರೇಷನ್ ಆಗಿದೆಯಾ ಅಂತ ಕೇಳಿಯೇ ತನ್ನಿ.

ಮುಧೋಳ ನಾಯಿ ನಮ್ಮ ಕರ್ನಾಟಕದ್ದೇ ಅಲ್ವಾ, ಅದು ಆಗಲ್ವಾ?

ಬಾಗಲಕೋಟೆ ಜಿಲ್ಲೆಯ ಮುಧೋಳದ್ದೇ. 2016ರಲ್ಲಿ ಭಾರತೀಯ ಸೇನೆಗೆ ತರಬೇತಿಗೂ ಹೋದ ಹೆಮ್ಮೆಯ ತಳಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಆದರೆ ಇದು ಕಣ್ಣಿಂದ ಬೇಟೆ ಗುರುತಿಸಿ ಬೆನ್ನಟ್ಟುವ ನಾಯಿ. ಹೊಲದಲ್ಲಿ ಬಿಟ್ಟರೆ ಬಾಣದ ಹಾಗೆ ಹೋಗುತ್ತದೆ. ಕೂಗಾಟ ಸಹಿಸುವುದಿಲ್ಲ, ಹೊಸಬರ ಕೈ ಮೈಮೇಲೆ ಬಿದ್ದರೆ ಇಷ್ಟ ಇಲ್ಲ, ಒಬ್ಬಿಬ್ಬರಿಗೆ ಮಾತ್ರ ಮನಸ್ಸು ಕೊಡುತ್ತದೆ. ಬೇಲಿ ಹಾಕಿದ ತೋಟ, ಶಾಂತ ಮನೆ, ದಿನಾ ಓಡಿಸುವ ಶಕ್ತಿ ಇರುವವರಿಗೆ ಅದು ಮೌನದ ಒಳ್ಳೆ ಸಂಗಾತಿ. ಮೂರನೇ ಮಹಡಿಯ ಫ್ಲ್ಯಾಟಿಗೆ ತರಬೇಡಿ.

ಹಸ್ಕಿ ಕಣ್ಣು ನೋಡಿ ಮನಸೋತಿದ್ದೀನಿ...

ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಎರಡು ಪದರ ಕೂದಲು ಹೊತ್ತು ಬಂದ ನಾಯಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ಇಡುವುದು ಅದಕ್ಕೆ ಶಿಕ್ಷೆ. ಬೇಡ.

## ನಿಮ್ಮ ಮನೆ, ನಿಮ್ಮ ದಿನ

ಅಪ್ಪ ತೀರಿಕೊಂಡ್ರು. ಅಮ್ಮ ಒಬ್ರೇ ಇದ್ದಾರೆ, 68 ವರ್ಷ. ಒಂದು ಮರಿ ತಂದು ಕೊಡೋಣ ಅಂತ.

ಮರಿ ಬೇಡ. ಮರಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ರಾತ್ರಿ ಎರಡು ಸಲ ಎಬ್ಬಿಸುತ್ತದೆ, ಬೆಲ್ಟ್ ಎಳೆದು ಬೀಳಿಸುತ್ತದೆ. ಆ ವಯಸ್ಸಿನಲ್ಲಿ ಸೊಂಟ ಮುರಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಐದಾರು ವರ್ಷದ, ಹತ್ತು ಕೆಜಿ ಒಳಗಿನ, ಮನೆಯಲ್ಲಿ ಬೆಳೆದ ನಾಯಿ ನೋಡಿ. ವಿದೇಶಕ್ಕೆ ಹೋಗುವವರು ಬಿಟ್ಟುಹೋಗುವ ಇಂಥ ನಾಯಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಮೊದಲು ಅಮ್ಮನನ್ನು ಕೇಳಿ, ಅದು ಮುಖ್ಯ. ಸರ್‌ಪ್ರೈಸ್ ಕೊಡಬೇಡಿ. ಅವರಿಗೆ ಆಸ್ಪತ್ರೆ ಸೇರುವ ಹಾಗಾದರೆ ಆ ನಾಯಿ ಯಾರ ಮನೆಗೆ ಹೋಗುತ್ತದೆ ಅಂತ ಇವತ್ತೇ ಮಾತಾಡಿಟ್ಟುಕೊಳ್ಳಿ.

ನಾವು ಸಸ್ಯಾಹಾರಿಗಳು. ಮನೇಲಿ ಮಾಂಸ ಬೇಯಿಸಲ್ಲ, ಮೊಸರನ್ನ ಹಾಕಿದ್ರೆ ಸಾಕಾ?

ಬರೀ ಮೊಸರನ್ನ ಸಾಲುವುದಿಲ್ಲ, ಪ್ರೋಟೀನು ಕಡಿಮೆಯಾಗಿ ಕೂದಲು ಉದುರುತ್ತದೆ. ಮೊಟ್ಟೆ ನಡೆಯುವ ಹಾಗಿದ್ದರೆ ಬೇಯಿಸಿ ಹಾಕಿ, ಇಲ್ಲದಿದ್ದರೆ ಅಂಗಡಿಯ ಪೂರ್ಣ ಆಹಾರದ ಪ್ಯಾಕೆಟ್ ತನ್ನಿ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಹಬ್ಬದ ದಿನ ಪಾಯಸದ ದ್ರಾಕ್ಷಿಯೂ ಲೆಕ್ಕಕ್ಕೆ ಬರುತ್ತದೆ, ನೆನಪಿಡಿ.

ನೋಡೋಕೆ ಹೋದಾಗ ಸ್ವಭಾವ ಹೇಗೆ ಗುರುತಿಸೋದು?

ಒಂದು ಗಂಟೆ ಇಟ್ಟುಕೊಂಡು ಹೋಗಿ. ನೆಲದ ಮೇಲೆ ಕೂತು ಸುಮ್ಮನಿರಿ, ಕರೆಯಬೇಡಿ. ಎಲ್ಲರಿಗಿಂತ ಮೊದಲು ಹಾರಿ ಬಂದು ನಿಮ್ಮ ಪ್ಯಾಂಟು ಎಳೆಯುವ ಮರಿ ಮುದ್ದಾಗಿ ಕಾಣುತ್ತದೆ, ಮೂಲೆಯಲ್ಲಿ ಅಡಗಿದ್ದನ್ನು ಕಂಡರೆ ಕರುಳು ಚುರ್ ಅನ್ನುತ್ತದೆ. ನೀವು ನೋಡಬೇಕಾದ್ದು ನಡುವಿನದ್ದನ್ನು: ಸ್ವಲ್ಪ ಹೊತ್ತು ನೋಡಿ, ಮೂಸಿ, ಆಮೇಲೆ ಪಕ್ಕ ಬಂದು ಕೂರುವಂಥದ್ದು. ಬೀಗದ ಕೈ ಗೊಂಚಲನ್ನು ದೂರದಲ್ಲಿ ಬೀಳಿಸಿ. ಬೆಚ್ಚಿದರೆ ತಪ್ಪಿಲ್ಲ. ಅರ್ಧ ನಿಮಿಷದಲ್ಲಿ ಸುಧಾರಿಸಿಕೊಂಡು ಏನದು ಅಂತ ನೋಡಲು ಬರುತ್ತದಾ? ಬಂದರೆ ಗಟ್ಟಿ ಮನಸ್ಸಿನದ್ದು.

ದುಡ್ಡು ಕೊಟ್ಟು ತರುವವರು ತಾಯಿ ನಾಯಿಯನ್ನು ತೋರಿಸಿ ಅನ್ನಿ. ತೋರಿಸಲ್ಲ ಅಂದರೆ ಎದ್ದು ಬನ್ನಿ. ಎಂಟು ವಾರ ತುಂಬದ ಮರಿ ಮಾರುವುದನ್ನು 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳು ನಿಷೇಧಿಸಿವೆ. ತಾಯಿಯಿಂದ ಬೇಗ ಬಿಡಿಸಿದ ಮರಿ ಭಯಸ್ಥ ಆಗುವುದು ಜಾಸ್ತಿ.

ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತೆ. ನಾಯಿಗೆ ಏನಾದ್ರೂ ಕಲಿಸಬಹುದಾ?

ಕಲಿಸಬಹುದು, ಮನೆಯಲ್ಲೇ. ಮಡಿಲಿನ ಮೇಲೆ ಗದ್ದ ಇಟ್ಟು ನಿಲ್ಲುವುದು ಎಲ್ಲಕ್ಕಿಂತ ಸುಲಭದ್ದು. ನೀವು ಚೆನ್ನಾಗಿರುವ ದಿನ ಶುರು ಮಾಡಿ. ಅಂಗೈಯನ್ನು ತೊಡೆ ಮೇಲಿಟ್ಟು, ನಾಯಿ ಗದ್ದ ತಾಗಿಸಿದ ಕೂಡಲೇ ಒಂದು ಚೂರು ತಿಂಡಿ ಕೊಡಿ. ಆಮೇಲೆ ಎರಡು ಸೆಕೆಂಡ್ ಇಟ್ಟರೆ, ಐದು ಸೆಕೆಂಡ್ ಇಟ್ಟರೆ, ಹೀಗೆ ನಿಧಾನಕ್ಕೆ ಹೆಚ್ಚಿಸಿ. ‘ಬಾ ಇಡು’ ಅಂತ ಒಂದು ಮಾತು ಸೇರಿಸಿ. ಎರಡು ಮೂರು ವಾರದಲ್ಲಿ ಬರುತ್ತದೆ. ಅಟ್ಯಾಕ್ ಬಂದಾಗ ಆ ಭಾರದ ಮೇಲೆ ಗಮನ ಇಟ್ಟು ಅದರ ಉಸಿರು ಎಣಿಸಿ. ನಾಯಿಗೆ ಬೇಡ ಅನ್ನಿಸಿ ಎದ್ದು ಹೋದರೆ ಹಿಡಿದು ಎಳೆಯಬೇಡಿ. ದೊಡ್ಡ ನಾಯಿಯ ಭಾರ ಇಲ್ಲಿ ಅನುಕೂಲ, ಲ್ಯಾಬ್ ತಲೆಯ ತೂಕವೇ ಒಂದು ಔಷಧಿ.

## ಕಾನೂನು, ಪ್ರಯಾಣ

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ನಾಯಿ ಬೇಡ ಅಂತಿದ್ದಾರೆ. ಆನ್‌ಲೈನ್‌ನಲ್ಲಿ ಇಎಸ್‌ಎ (ಎಮೋಷನಲ್ ಸಪೋರ್ಟ್ ಪ್ರಾಣಿ) ಸರ್ಟಿಫಿಕೇಟ್ ಸಿಗುತ್ತಲ್ಲ, ಅದು ತೋರಿಸಲಾ?

ದುಡ್ಡು ಹಾಳು ಮಾಡಬೇಡಿ. ಭಾರತದ ಕಾನೂನಿನಲ್ಲಿ ಎಮೋಷನಲ್ ಸಪೋರ್ಟ್ ನಾಯಿ ಅನ್ನುವ ಪ್ರತ್ಯೇಕ ವರ್ಗವೇ ಇಲ್ಲ. ನಿಮಗೆ ಆ ಕಾಗದ ಬೇಕಾಗಿಯೂ ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹುಮತ ಇದ್ದರೂ ಅಸೋಸಿಯೇಷನ್ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಇದೆ. ಅದರ ಪ್ರತಿ ಕೊಡಿ, ಲಸಿಕೆ ಪುಸ್ತಕದ ನಕಲೂ ಕೊಡಿ. ನಿಮ್ಮ ನಾಯಿಯ ಕಕ್ಕ ನೀವೇ ತೆಗೆಯಿರಿ, ಲಿಫ್ಟಿನಲ್ಲಿ ಹೆದರುವವರಿದ್ದರೆ ಮುಂದಿನದಕ್ಕೆ ಕಾಯಿರಿ. ನನ್ನ ಅನುಭವದಲ್ಲಿ ಮಾರ್ಗಸೂಚಿಗಿಂತ ಇದರಿಂದಲೇ ಜಾಸ್ತಿ ಕೆಲಸ ಆಗುತ್ತದೆ. ಬಾಡಿಗೆ ಮನೆಯಾದರೆ ಓನರ್ ಜೊತೆಗಿನ ಅಗ್ರಿಮೆಂಟಿನಲ್ಲಿ ನಾಯಿ ಇರುತ್ತದೆ ಅಂತ ಮೊದಲೇ ಬರೆಸಿ.

ನಾನು ನ್ಯೂಜೆರ್ಸಿಯಲ್ಲಿದ್ದೀನಿ, ಇಲ್ಲಿ ಹೇಗೆ?

ಅಲ್ಲಿ ಕಾನೂನು ಇದೆ. ಫೇರ್ ಹೌಸಿಂಗ್ ಆ್ಯಕ್ಟ್ ಪ್ರಕಾರ, ನಾಯಿ ಇಡಬಾರದು ಅನ್ನುವ ಮನೆಯಲ್ಲೂ ವಿನಾಯಿತಿ ಕೇಳಬಹುದು. ಅದಕ್ಕೆ ನಿಮಗೆ ಚಿಕಿತ್ಸೆ ಕೊಡುತ್ತಿರುವ ಲೈಸೆನ್ಸ್ ಇರುವ ವೈದ್ಯರ ಅಥವಾ ಥೆರಪಿಸ್ಟ್‌ರ ಪತ್ರ ಬೇಕು. ವೆಬ್‌ಸೈಟುಗಳು ಮಾರುವ ರಿಜಿಸ್ಟ್ರೇಷನ್ ಕಾರ್ಡಿಗೆ ಬೆಲೆ ಇಲ್ಲ. ಅಂಗಡಿ, ಹೋಟೆಲಿಗೆ ಸರ್ವಿಸ್ ಡಾಗ್ ತರಹ ಒಳಗೆ ಬಿಡಲೇಬೇಕು ಅನ್ನುವ ಹಕ್ಕು ಎಮೋಷನಲ್ ಸಪೋರ್ಟ್ ನಾಯಿಗಿಲ್ಲ. 2021ರ ಜನವರಿಯಿಂದ ವಿಮಾನ ಸಂಸ್ಥೆಗಳೂ ಇದನ್ನು ಸಾಮಾನ್ಯ ಸಾಕುನಾಯಿ ಅಂತಲೇ ಎಣಿಸಬಹುದು.

ಊರಿಗೆ ರೈಲಲ್ಲಿ ಕರ್ಕೊಂಡು ಹೋಗಬಹುದಾ?

ಎಸಿ ಫಸ್ಟ್ ಕ್ಲಾಸಿನಲ್ಲಿ ಇಡೀ ಕೂಪೆ ನಿಮ್ಮ ಹೆಸರಿಗೆ ಇದ್ದರೆ ಜೊತೆಯಲ್ಲೇ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೇ ಗತಿ. ಆ ಕತ್ತಲ ಪೆಟ್ಟಿಗೆಗೆ ನಾಯಿಯನ್ನು ಹಾಕುವುದಕ್ಕಿಂತ ನಂಬಿಕೆಯವರ ಮನೆಯಲ್ಲಿ ಬಿಟ್ಟು ಹೋಗಿ.

## ಕಷ್ಟದ ಪ್ರಶ್ನೆಗಳು

ನನ್ನ ಟೆನ್ಷನ್ ನಾಯಿಗೂ ಅಂಟುತ್ತಾ? ಜರ್ಮನ್ ಶೆಫರ್ಡ್ ಇದೆ, ಈಚೆಗೆ ಎಲ್ಲರ ಮೇಲೂ ಗುರ್ ಅನ್ನುತ್ತೆ.

ಅಂಟುತ್ತದೆ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ನಾಯಿ ಮತ್ತು ಅದರ ಒಡತಿಯ ಕೂದಲಿನಲ್ಲಿ ತಿಂಗಳುಗಟ್ಟಲೆ ಸೇರಿಕೊಂಡ ಕಾರ್ಟಿಸಾಲ್ ಅಳೆದರು. ಎರಡೂ ಒಟ್ಟಿಗೇ ಏರಿಳಿಯುತ್ತಿದ್ದವು. ಅದು ಕುರಿ ಕಾಯುವ ತಳಿಗಳ ಮೇಲೆ ಮಾಡಿದ ಅಧ್ಯಯನ. ಶೆಫರ್ಡ್ ಕೂಡ ಅದೇ ಕುಲದ್ದು, ಕಾಯುವುದೇ ಅದರ ರಕ್ತದಲ್ಲಿದೆ. ನೀವು ರಸ್ತೆಯಲ್ಲಿ ಹೆದರಿ ಬೆಲ್ಟ್ ಬಿಗಿ ಹಿಡಿದರೆ ಅದು ಎದುರಿಗೆ ಬರುತ್ತಿರುವವನನ್ನು ನೋಡುತ್ತದೆ, ಓ ಇವನೇ ಕಾರಣ ಅಂದುಕೊಳ್ಳುತ್ತದೆ. ಆತಂಕ ಜಾಸ್ತಿ ಇರುವವರಿಗೆ ಕಾವಲು ತಳಿ ಬೇಡ ಅಂತ ನಾನು ಹೇಳುವುದು ಇದಕ್ಕೇ.

ಈಗಾಗಲೇ ಇರುವ ನಾಯಿಯನ್ನು ಬಿಡಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ, ಉಣ್ಣಿ ಜ್ವರವೋ ಕೀಲು ನೋವೋ ಇದ್ದರೂ ನಾಯಿ ಗುರ್ ಅನ್ನುತ್ತದೆ. ಆಮೇಲೆ ಹೊಡೆಯದೆ ಕಲಿಸುವ ಟ್ರೇನರ್ ಹುಡುಕಿ. ದಿನದಲ್ಲಿ ಒಂದು ವಾಕ್ ಆದರೂ ಮನೆಯ ಬೇರೆಯವರು ಮಾಡಿಸಲಿ. ನಾಯಿಗೂ ನಿಮ್ಮಿಂದ ಸ್ವಲ್ಪ ಬಿಡುವು ಬೇಕು.

ನಾಯಿ ಬಂದ ಮೇಲೆ ಇನ್ನೂ ಕಷ್ಟ ಆಗ್ತಿದೆ, ನನ್ನ ಕೈಲಿ ಆಗ್ತಿಲ್ಲ. ನಾನು ಕೆಟ್ಟವಳಾ?

ಖಂಡಿತ ಅಲ್ಲ ಕಣಮ್ಮಾ. ಮೊದಲ ಎರಡು ಮೂರು ತಿಂಗಳು ತುಂಬಾ ಜನಕ್ಕೆ ಹೀಗೇ ಆಗುತ್ತದೆ, ನಿದ್ದೆಗೆಟ್ಟು ಅಳು ಬರುತ್ತದೆ. ಬೆಳಗಿನ ವಾಕಿಗೆ ಒಬ್ಬರನ್ನು ಗೊತ್ತು ಮಾಡಿ, ವಾರಕ್ಕೆರಡು ದಿನ ಅಕ್ಕನ ಮನೆಗೋ ಗೆಳತಿಯ ಮನೆಗೋ ನಾಯಿ ಕಳಿಸಿ. ನಿಮ್ಮ ಡಾಕ್ಟರಿಗೂ ಹೇಳಿ. ಆಗಲೂ ಆಗದಿದ್ದರೆ ಒಳ್ಳೆ ಮನೆ ಹುಡುಕಿ ಕೊಡುವುದು ಆ ನಾಯಿಗೂ ಒಳ್ಳೆಯದೇ. ಬೀದಿಗೆ ಮಾತ್ರ ಬಿಡಬೇಡಿ.

ಇಷ್ಟು ಹಚ್ಚಿಕೊಂಡ ಮೇಲೆ ಅದು ಸತ್ತು ಹೋದ್ರೆ? ಆ ಭಯಕ್ಕೇ ಸಾಕ್ತಿಲ್ಲ.

ಈ ಭಯ ನಿಜವಾದದ್ದು. ಲ್ಯಾಬ್ ಬದುಕುವುದು ಹತ್ತು ಹನ್ನೆರಡು ವರ್ಷ. ಗುಂಡನಿಗೆ ಎಂಟು ತುಂಬಿದಾಗಲೇ ನಾನು ನನ್ನ ಡಾಕ್ಟರ ಹತ್ತಿರ ಇದನ್ನು ಮಾತಾಡಿದೆ. ಅವನು ತೀರಿಹೋದ ವಾರ ಏನು ಮಾಡಬೇಕು, ಯಾರು ಬಂದು ಜೊತೆಯಲ್ಲಿರುತ್ತಾರೆ, ಮಾತ್ರೆ ಬದಲಿಸಬೇಕಾ ಅಂತ ಎಲ್ಲ ಬರೆದಿಟ್ಟುಕೊಂಡೆವು. ನೀವೂ ಹಾಗೆ ಮಾಡಿ. ಹೋದ ಮಾರನೇ ದಿನವೇ ಇನ್ನೊಂದು ಮರಿ ತಂದು ಕೊಡುವವರಿರುತ್ತಾರೆ, ಅವರಿಗೆ ಈಗಲೇ ಬೇಡ ಅಂತ ಹೇಳಿಡಿ. ಕೆಂಪಿ ನಮ್ಮ ಮನೆಗೆ ಬಂದಿದ್ದು ಐದು ತಿಂಗಳ ನಂತರ.

ಆ ಪಟ್ಟಿಯಲ್ಲಿ ಒಂದು ಸಾಲು ಬೆಳಗಿನ ವಾಕ್ ನಿಲ್ಲಿಸಬಾರದು ಅಂತಿತ್ತು. ಗುಂಡ ಹೋದ ಮಾರನೇ ದಿನ ಆರಕ್ಕೆ ಚಪ್ಪಲಿ ಹಾಕಿಕೊಂಡು ಹೊರಟೆ. ಬೆಲ್ಟ್ ಹಿಡಿಯುವ ಕೈ ಎಲ್ಲಿ ಇಡಬೇಕು ಅಂತಲೇ ಗೊತ್ತಾಗಲಿಲ್ಲ. ಹಾಲಿನ ಬೂತಿನವರು ‘ಎಲ್ಲಮ್ಮಾ ಗುಂಡ?’ ಅಂದರು. ಹೇಳಿದೆ. ಅವರು ಬಾಗಿಲು ಅರ್ಧ ಎಳೆದು, ಒಳಗಿದ್ದ ಸ್ಟೂಲ್ ತಂದು ಹಾಕಿ, ಪಕ್ಕದ ಹೋಟೆಲಿನಿಂದ ಎರಡು ಕಾಫಿ ತರಿಸಿದರು.